ವಿಜಯಪುರದ ಎಡಗೈ: ರಾಜೇಶ್ವರಿ ಗಾಯಕ್ವಾಡ್ ಬೌಲಿಂಗ್ ಮತ್ತು ನಮ್ಮ ಲೆಕ್ಕ

2017ರ ಜುಲೈ 15, ಇಂಗ್ಲೆಂಡಿನ ಡರ್ಬಿ ಮೈದಾನ. ಮಹಿಳೆಯರ ವಿಶ್ವಕಪ್‌ನಲ್ಲಿ ಭಾರತದ ಕೊನೆಯ ಲೀಗ್ ಪಂದ್ಯ, ಎದುರಾಳಿ ನ್ಯೂಜಿಲೆಂಡ್. ಗೆದ್ದವರು ಸೆಮಿಫೈನಲ್‌ಗೆ, ಸೋತವರು ಮನೆಗೆ. ಭಾರತ 7 ವಿಕೆಟ್‌ಗೆ 265 ಹೊಡೆಯಿತು. ಕ್ಯಾಪ್ಟನ್ ಮಿಥಾಲಿ ರಾಜ್ 109. ಕಡೂರಿನ ವೇದಾ ಕೃಷ್ಣಮೂರ್ತಿ 45 ಬಾಲ್‌ನಲ್ಲಿ 70. ಕಡೂರು ಅಂದ್ರೆ ನಮ್ಮ ಹೊಸದುರ್ಗದಿಂದ ಬಹಳ ದೂರವೇನೂ ಅಲ್ಲ, ಹಾಗಾಗಿ ಆ 70ರಲ್ಲಿ ನಮಗೂ ಸ್ವಲ್ಪ ಪಾಲಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಆಮೇಲೆ ನ್ಯೂಜಿಲೆಂಡ್ ಬ್ಯಾಟಿಂಗ್‌ಗೆ ಬಂದು 79ಕ್ಕೆ ಆಲ್‌ಔಟ್ ಆಯಿತು. ಐದು ವಿಕೆಟ್ ತೆಗೆದವರು ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕ್ವಾಡ್. 7.3 ಓವರ್, 15 ರನ್, 5 ವಿಕೆಟ್.

ಆ ಟೂರ್ನಿಯಲ್ಲಿ ಅದು ಅವರಿಗೆ ಮೊದಲ ಪಂದ್ಯ. ಅದಕ್ಕೂ ಮುಂಚಿನ ಆರು ಪಂದ್ಯ ಅವರು ಹೊರಗೇ ಕೂತಿದ್ದರು. ಯಾಕೆ ಅಂತ ಕೇಳಿದರೆ ಉತ್ತರ ಸರಳ: ತಂಡದಲ್ಲಿ ಎಡಗೈ ಸ್ಪಿನ್ನರ್‌ಗೆ ಇರುವುದು ಒಂದೇ ಸೀಟು, ಅದರಲ್ಲಿ ಏಕ್ತಾ ಬಿಷ್ಟ್ ಇದ್ದರು. ಬಿಷ್ಟ್ ಅದೇ ಡರ್ಬಿಯಲ್ಲಿ ಜುಲೈ 2ರಂದು ಪಾಕಿಸ್ತಾನದ ಮೇಲೆ 18 ರನ್‌ಗೆ 5 ವಿಕೆಟ್ ತೆಗೆದಿದ್ದರು. ಅಷ್ಟು ಚೆನ್ನಾಗಿ ಆಡ್ತಿರೋರನ್ನ ಯಾರು ಕೂರಿಸ್ತಾರೆ? ಆದರೂ ಏಳನೇ ಪಂದ್ಯಕ್ಕೆ ರಾಜೇಶ್ವರಿಯನ್ನು ಆಡಿಸಿದರು. ಮುಂದಿನದು ಮೇಲಿನ ಪ್ಯಾರಾದಲ್ಲಿದೆ.

ನಮ್ಮ ಕ್ಯಾಂಪಸ್‌ನಲ್ಲಿ ಕುಂಬ್ಳೆ ಅಂದ್ರೆ ಗೊತ್ತಿಲ್ಲದವರಿಲ್ಲ. ಕುಂಬ್ಳೆ ಆರ್‌ವಿ ಕಾಲೇಜಿನ ಮೆಕ್ಯಾನಿಕಲ್, ಶ್ರೀನಾಥ್ ಮೈಸೂರಿನ ಎಸ್‌ಜೆಸಿಇ, ಅದಕ್ಕೂ ಮುಂಚೆ ಎರಪಳ್ಳಿ ಪ್ರಸನ್ನ ಮೈಸೂರಿನ ಎನ್‌ಐಇ. ಪ್ರಸನ್ನ ಅವರಂತೂ 1962ರಲ್ಲಿ ಟೆಸ್ಟ್ ಆಡಿ, ಆಮೇಲೆ ಡಿಗ್ರಿ ಮುಗಿಸೋಕೆ ಅಂತ ಹೋಗಿ, 1967ರಲ್ಲಿ ತಂಡಕ್ಕೆ ವಾಪಸ್ ಬಂದವರು. ಬ್ಯಾಕ್‌ಲಾಗ್ ಇರುವವರು ಈ ಉದಾಹರಣೆಯನ್ನು ಮನೆಯಲ್ಲಿ ಹೇಳಬಾರದು. ಈ ಹೆಸರುಗಳನ್ನು ಹಾಸ್ಟೆಲ್‌ನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ರಾಜೇಶ್ವರಿ ಗಾಯಕ್ವಾಡ್ ಅಂದರೆ 'ಯಾರು, ಆರ್‌ಸಿಬಿನಾ?' ಅಂತ ಕೇಳಿದವರು ನಮ್ಮ ಸಂಘದಲ್ಲೇ ಇದ್ದಾರೆ. ಅಲ್ಲ, ಅವರನ್ನು 2023ರ ಮೊದಲ ಡಬ್ಲ್ಯುಪಿಎಲ್ ಹರಾಜಿನಲ್ಲಿ 40 ಲಕ್ಷಕ್ಕೆ ತಗೊಂಡಿದ್ದು ಯುಪಿ ವಾರಿಯರ್ಸ್. ಅದಕ್ಕೇ ಈ ಲೇಖನ.

ಮೊದಲು ಊರಿನ ವಿಷಯ. ರಾಜೇಶ್ವರಿ ಹುಟ್ಟಿದ್ದು 1991ರ ಜೂನ್ 1ರಂದು, ಆಗಿನ ಬಿಜಾಪುರದಲ್ಲಿ. ವಿಜಯಪುರದಿಂದ ಬೆಂಗಳೂರಿಗೆ 500 ಕಿಲೋಮೀಟರ್‌ಗಿಂತ ಜಾಸ್ತಿ. ನಕ್ಷೆ ತೆಗೆದು ನೋಡಿ: ರಾಷ್ಟ್ರೀಯ ಹೆದ್ದಾರಿ 50 ವಿಜಯಪುರದಿಂದ ಹೊಸಪೇಟೆ ದಾಟಿ ಬಂದು ನಮ್ಮ ಚಿತ್ರದುರ್ಗದಲ್ಲೇ ಮುಗಿಯುತ್ತದೆ. ಅಲ್ಲಿಂದ 48 ಹಿಡಿದು ಹಿರಿಯೂರಿನ ಮೇಲೆ ಬೆಂಗಳೂರು. ಅಂದರೆ ಆ ಕಡೆಯ ಹುಡುಗಿ ಸೆಲೆಕ್ಷನ್‌ಗೆ ಅಂತ ರಸ್ತೆಯಲ್ಲಿ ಹೊರಟರೆ, ನಾವು ಬಸ್ ಹತ್ತುವ ಊರಿಗೆ ಬರುವಷ್ಟರಲ್ಲೇ 300 ಕಿಲೋಮೀಟರ್ ದಾಟಿರುತ್ತಾಳೆ. 'ನಮ್ದು ಹಿಂದುಳಿದ ಜಿಲ್ಲೆ, ಬೆಂಗಳೂರು ದೂರ' ಅಂತ ಹಿರಿಯೂರಿನವರು ಹೇಳುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಅವರ ತಂದೆ ಶಿವಾನಂದ ಗಾಯಕ್ವಾಡ್ ಶಾಲಾ ಶಿಕ್ಷಕರು. ಮಕ್ಕಳು ಆಟ ಆಡಲಿ ಅನ್ನೋ ಮನುಷ್ಯ. ರಾಜೇಶ್ವರಿ ಮೊದಲು ಆಡುತ್ತಿದ್ದುದು ಕ್ರಿಕೆಟ್ ಅಲ್ಲ, ಜಾವೆಲಿನ್, ಡಿಸ್ಕಸ್ ಥರದ ಎಸೆತದ ಆಟಗಳು. ವಿಜಯಪುರದಲ್ಲಿ ಹೆಣ್ಣುಮಕ್ಕಳಿಗೆ ಅಂತ ಕ್ರಿಕೆಟ್ ಕ್ಲಬ್ ಶುರುವಾದ ಮೇಲೆ, ಸುಮಾರು ಹದಿನೆಂಟರ ವಯಸ್ಸಿನಲ್ಲಿ ಅವರು ಲೆದರ್ ಬಾಲ್ ಹಿಡಿದಿದ್ದು. ಹದಿನೆಂಟು. ನಮ್ಮ ಫಸ್ಟ್ ಇಯರ್ ವಯಸ್ಸು. ಗಂಡು ಹುಡುಗರ ಕ್ರಿಕೆಟ್‌ನಲ್ಲಿ ಹದಿನೆಂಟಕ್ಕೆ ಶುರು ಮಾಡ್ತೀನಿ ಅಂದರೆ ಕೋಚ್ ನಗುತ್ತಾರೆ, ಅಷ್ಟು ಹೊತ್ತಿಗೆ ಅಲ್ಲಿ ಅಂಡರ್-14, ಅಂಡರ್-16 ಎಲ್ಲ ಮುಗಿದಿರುತ್ತೆ. ಇವರು ಅಲ್ಲಿಂದ ಶುರು ಮಾಡಿ 2014ರ ಜನವರಿಯಲ್ಲಿ ಶ್ರೀಲಂಕಾ ವಿರುದ್ಧ ಭಾರತಕ್ಕೆ ಆಡಿದರು. ಐದು ವರ್ಷ, ಅಂದರೆ ಒಂದು ಇಂಜಿನಿಯರಿಂಗ್ ಡಿಗ್ರಿ ಮತ್ತು ಮೇಲೊಂದು ವರ್ಷ.

ಅದೇ 2014ರಲ್ಲಿ ತಂದೆ ತೀರಿಕೊಂಡರು. ಮನೆಯ ಹೊಣೆ ಮಗಳ ಮೇಲೆ ಬಿತ್ತು. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. 2014ರಲ್ಲಿ ಭಾರತದ ಮಹಿಳಾ ಕ್ರಿಕೆಟರ್ ಅಂದರೆ ಕೋಟ್ಯಧಿಪತಿ ಅಲ್ಲ. ಪುರುಷರಿಗೂ ಮಹಿಳೆಯರಿಗೂ ಸಮಾನ ಮ್ಯಾಚ್ ಫೀ (ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ) ಅಂತ ಬಿಸಿಸಿಐ ಘೋಷಿಸಿದ್ದು 2022ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ ಹೊಟ್ಟೆ ತುಂಬಿಸುತ್ತಿದ್ದುದು ರೈಲ್ವೆ. 2017ರ ವಿಶ್ವಕಪ್ ತಂಡದ 15 ಜನರಲ್ಲಿ 10 ಜನ ರೈಲ್ವೆ ಉದ್ಯೋಗಿಗಳು. ಮಿಥಾಲಿ, ಹರ್ಮನ್‌ಪ್ರೀತ್, ವೇದಾ, ರಾಜೇಶ್ವರಿ ಎಲ್ಲರೂ. ಕ್ರಿಕೆಟ್ ಚೆನ್ನಾಗಿ ಆಡಿದರೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ, ಕೆಲಸ ಸಿಕ್ಕರೆ ಕ್ರಿಕೆಟ್ ಮುಂದುವರಿಸಲು ಮನೆಯಲ್ಲಿ ಒಪ್ಪಿಗೆ. ಈ ಸರಪಳಿ ಇಲ್ಲದಿದ್ದರೆ ಆ ತಂಡವೇ ಇರುತ್ತಿರಲಿಲ್ಲ ಅಂತ ನಮಗೆ ಅನ್ನಿಸುತ್ತದೆ. ಕ್ಯಾಂಪಸ್ ಪ್ಲೇಸ್‌ಮೆಂಟ್ ಬಗ್ಗೆ ಮಾತ್ರ ಮಾತಾಡುವ ನಮಗೆ ಇದೂ ಒಂದು ಪ್ಲೇಸ್‌ಮೆಂಟ್ ಅಂತ ಹೊಳೆಯೋದೇ ಇಲ್ಲ.

ವಿಶ್ವಕಪ್ ಮುಗಿದ ಮೇಲೆ ರಾಜ್ಯದ ಸಚಿವರೊಬ್ಬರು ಅವರಿಗೆ ಕಾರು ಕೊಡಲು ಮುಂದಾದರು. ರಾಜೇಶ್ವರಿ ಬೇಡ ಅಂದರು, ಕಾರಿಗಿಂತ ಮನೆಯವರಿಗೆ ಇರಲು ಒಂದು ಮನೆ ಬೇಕು ಅಂದರು. ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಲಾರ್ಡ್ಸ್‌ನಲ್ಲಿ ಫೈನಲ್ ಆಡಿ ಬಂದ ಬೌಲರ್ ಮನೆ ಕೇಳುವ ಪರಿಸ್ಥಿತಿ.

ಈಗ ಬೌಲಿಂಗ್‌ಗೆ ಬರೋಣ. ನಮ್ಮ ಸಂಘದಲ್ಲಿ ಕ್ರಿಕೆಟ್ ಗೊತ್ತಿಲ್ಲದವರೂ ಇದ್ದಾರೆ, ಅವರಿಗಾಗಿ ಸ್ವಲ್ಪ ನಿಧಾನವಾಗಿ.

ಎಡಗೈ ಸಾಂಪ್ರದಾಯಿಕ ಸ್ಪಿನ್ ಅಂದರೆ ಎಡಗೈಯ ಬೆರಳುಗಳಿಂದ ಬಾಲನ್ನು ತಿರುಗಿಸಿ ಬಿಡೋದು. ತೋರುಬೆರಳು, ಮಧ್ಯಬೆರಳು ಬಾಲಿನ ಹೊಲಿಗೆಯ ಮೇಲೆ ಅಡ್ಡಲಾಗಿ ಕೂರುತ್ತವೆ. ಬಾಗಿಲಿನ ಗುಂಡು ಹಿಡಿಕೆ ತಿರುಗಿಸಿದ ಹಾಗೆ ಒಂದು ತಿರುವು. ಬಲಗೈ ಬ್ಯಾಟರ್‌ಗೆ ಈ ಬಾಲ್ ಗಾಳಿಯಲ್ಲಿ ಒಳಗೆ ಬರುತ್ತಾ, ನೆಲಕ್ಕೆ ಬಿದ್ದ ಮೇಲೆ ಹೊರಗೆ ಹೋಗುತ್ತದೆ. ಒಳಗೆ ಬರುತ್ತಿದೆ ಅಂತ ಬ್ಯಾಟ್ ಇಟ್ಟರೆ, ಅಷ್ಟರಲ್ಲಿ ಅದು ಹೊರಗೆ ಹೊರಟಿರುತ್ತದೆ. ಮೋಸ ಇರುವುದೇ ಇಲ್ಲಿ.

ಗಾಳಿಯಲ್ಲಿ ಒಳಗೆ ಯಾಕೆ ಬರುತ್ತದೆ? ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಮ್ಯಾಗ್ನಸ್ ಎಫೆಕ್ಟ್ ಅಂತ ಓದಿರುತ್ತೇವೆ, ಐದು ಮಾರ್ಕಿಗೆ ಬರೆದು ಮರೆತಿರುತ್ತೇವೆ. ತಿರುಗುವ ಬಾಲಿನ ಒಂದು ಪಕ್ಕ ಎದುರು ಬರುವ ಗಾಳಿಯ ಜೊತೆಗೆ ಚಲಿಸುತ್ತದೆ, ಇನ್ನೊಂದು ಪಕ್ಕ ಗಾಳಿಯ ವಿರುದ್ಧ. ಹೀಗಾಗಿ ಬಾಲಿನ ಹಿಂದೆ ಹೊರಡುವ ಗಾಳಿ ನೇರವಾಗಿ ಹೋಗದೆ ಒಂದು ಕಡೆಗೆ ವಾಲುತ್ತದೆ. ಗಾಳಿಯನ್ನು ಬಾಲ್ ಒಂದು ಕಡೆ ತಳ್ಳಿದರೆ, ಗಾಳಿ ಬಾಲನ್ನು ಇನ್ನೊಂದು ಕಡೆ ತಳ್ಳಬೇಕಲ್ಲ, ನ್ಯೂಟನ್ ಬಿಡ್ತಾನಾ? ಇದಕ್ಕೆ ಕ್ರಿಕೆಟ್ ಭಾಷೆಯಲ್ಲಿ ಡ್ರಿಫ್ಟ್ ಅಂತಾರೆ. ಬಾಲಿಗೆ ಮುಂದಕ್ಕೆ ಉರುಳುವ ಟಾಪ್ ಸ್ಪಿನ್ ಇದ್ದರೆ ಅದೇ ಬಲ ಕೆಳಕ್ಕೆ ಕೆಲಸ ಮಾಡುತ್ತದೆ, ಬಾಲ್ ಅಂದುಕೊಂಡದ್ದಕ್ಕಿಂತ ಮುಂಚೆ ಕೆಳಗಿಳಿಯುತ್ತದೆ. ಬ್ಯಾಟರ್ ಮುಂದೆ ಬಂದು ಹೊಡೆಯಲು ನೋಡಿದಾಗ ಬಾಲ್ ಕೈಗೆ ಸಿಗದೆ ಸ್ಟಂಪ್ ಆಗೋದು ಇದರಿಂದಲೇ.

ನೆಲಕ್ಕೆ ಬಿದ್ದ ಮೇಲೆ ಆಗೋದು ಘರ್ಷಣೆಯ ಕೆಲಸ. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಬ್ಯಾಟಿನ ಗರಿಷ್ಠ ಅಗಲ 10.8 ಸೆಂಟಿಮೀಟರ್. ಬ್ಯಾಟಿನ ನಟ್ಟನಡುವಿನಿಂದ ಅಂಚಿಗೆ 5.4 ಸೆಂಟಿಮೀಟರ್. ಬಾಲ್ ಬ್ಯಾಟಿಗಿಂತ 3 ಮೀಟರ್ ಮುಂದೆ ಪಿಚ್ ಆಯಿತು ಅಂದುಕೊಳ್ಳಿ. ಬ್ಯಾಟರ್ ಎಣಿಸಿದ್ದಕ್ಕಿಂತ ಅದು ಬರೀ 1 ಡಿಗ್ರಿ ಹೆಚ್ಚು ತಿರುಗಿದರೆ, 3 ಮೀಟರ್ ಗುಣಿಸು ಟ್ಯಾನ್ 1 ಡಿಗ್ರಿ, ಅಂದರೆ ಸುಮಾರು 5.2 ಸೆಂಟಿಮೀಟರ್ ಆಚೆ ಹೋಗಿರುತ್ತದೆ. ಬ್ಯಾಟಿನ ಮಧ್ಯಕ್ಕೆ ಬಡಿಯಬೇಕಿದ್ದ ಬಾಲ್ ಅಂಚಿಗೆ ತಾಗುತ್ತದೆ. ಎರಡು ಡಿಗ್ರಿ ಆದರೆ ಬ್ಯಾಟನ್ನೇ ದಾಟಿ ಹೋಗುತ್ತದೆ. ನಾವು ಟಿವಿಯಲ್ಲಿ ನೋಡಿ 'ಅಯ್ಯೋ, ಬಾಲ್ ತಿರುಗಲೇ ಇಲ್ಲ, ವಿಕೆಟ್ ಹೇಗೆ ಬಿತ್ತು' ಅಂತೀವಲ್ಲ, ವಿಕೆಟ್ ಬೀಳೋಕೆ ಬೇಕಾಗಿರೋದೇ ಅಷ್ಟು. ಜಾಸ್ತಿ ತಿರುಗಿದರೆ ಅಂಚಿಗೂ ಸಿಗದೆ ಹೋಗುತ್ತದೆ, ನೋಡೋಕೆ ಚೆಂದ, ಸ್ಕೋರ್‌ಕಾರ್ಡ್‌ನಲ್ಲಿ ಏನೂ ಇಲ್ಲ.

ಸಮಯದ ಲೆಕ್ಕವೂ ಹೀಗೇ. ಒಂದು ಕ್ರೀಸ್‌ನಿಂದ ಇನ್ನೊಂದು ಕ್ರೀಸ್‌ಗೆ 17.68 ಮೀಟರ್. ಗಂಟೆಗೆ 75 ಕಿಲೋಮೀಟರ್ ವೇಗದ ಬಾಲ್, ಅಂದರೆ ಸೆಕೆಂಡಿಗೆ ಸುಮಾರು 20.8 ಮೀಟರ್, ಅಷ್ಟು ದೂರಕ್ಕೆ 0.85 ಸೆಕೆಂಡ್ ತೆಗೆದುಕೊಳ್ಳುತ್ತದೆ. ಕೇಳೋಕೆ ಸಾಕಷ್ಟು ಸಮಯ ಅನ್ನಿಸುತ್ತದೆ. ಆದರೆ ಪಿಚ್ ಆದ ಮೇಲೆ ಉಳಿಯೋ 3 ಮೀಟರ್‌ಗೆ ಸಿಗೋದು ಸೆಕೆಂಡಿನ ಐದನೇ ಒಂದು ಭಾಗದಷ್ಟು. ಮನುಷ್ಯ ಕಣ್ಣಲ್ಲಿ ಕಂಡದ್ದಕ್ಕೆ ಕೈ ಆಡಿಸೋಕೆ ಬೇಕಾಗುವ ಸಮಯವೂ ಹೆಚ್ಚೂಕಮ್ಮಿ ಅಷ್ಟೇ. ಅಂದರೆ ತಿರುವನ್ನು ನೋಡಿ ಆಡೋದು ಸಾಧ್ಯವಿಲ್ಲ, ಮುಂಚೆಯೇ ಊಹಿಸಿ ಆಡಬೇಕು. ಸ್ಪಿನ್ನರ್‌ನ ಕೆಲಸ ಆ ಊಹೆಯನ್ನು ಕೆಡಿಸೋದು. ಅದಕ್ಕೆ ಇರೋ ಇನ್ನೊಂದು ಅಸ್ತ್ರ ಆರ್ಮ್ ಬಾಲ್. ಅದೇ ಓಟ, ಅದೇ ತೋಳು, ಆದರೆ ಬೆರಳು ತಿರುವದೆ ಬಿಡೋದು. ಹೊರಗೆ ಹೋಗಬೇಕಾದ ಬಾಲ್ ನೇರವಾಗಿ ಬಂದು ಪ್ಯಾಡಿಗೋ ಸ್ಟಂಪಿಗೋ ಬಡಿಯುತ್ತದೆ. ನಾಲ್ಕು ಬಾಲ್ ತಿರುಗಿದ ಮೇಲೆ ಐದನೆಯದು ತಿರುಗದಿದ್ದರೆ ಅದೇ ಸ್ಪಿನ್.

ಡರ್ಬಿಯ ಆ 7.3 ಓವರ್‌ಗಳನ್ನು ಈಗ ಇನ್ನೊಮ್ಮೆ ನೋಡಿ. 45 ಬಾಲ್, 15 ರನ್. ಓವರಿಗೆ ಎರಡು. ನ್ಯೂಜಿಲೆಂಡ್‌ಗೆ ಗೆಲ್ಲೋಕೆ ಬೇಕಿದ್ದುದು ಓವರಿಗೆ 5.3. ಒಂದು ತುದಿಯಲ್ಲಿ ಎರಡೇ ಬರುತ್ತಿದ್ದರೆ ಇನ್ನೊಂದು ತುದಿಯಲ್ಲಿ ಎಂಟೂವರೆ ಹೊಡೆಯಬೇಕು. ಹೊಡೆಯಲು ಹೋದರು, ಔಟಾದರು. ಪ್ರತಿ 9 ಬಾಲಿಗೆ ಒಂದು ವಿಕೆಟ್. 25.3 ಓವರ್‌ಗಳಲ್ಲಿ ಪಂದ್ಯ ಮುಗಿಯಿತು, ಭಾರತಕ್ಕೆ 186 ರನ್ ಗೆಲುವು. ಸ್ಪಿನ್ನರ್‌ನ ವಿಕೆಟ್ ಅಂದರೆ ಆ ಒಂದು ಬಾಲಿನ ವಿಕೆಟ್ ಅಲ್ಲ, ಅದಕ್ಕೂ ಮುಂಚಿನ ಹತ್ತು ಡಾಟ್ ಬಾಲ್‌ಗಳ ವಿಕೆಟ್.

ಫೈನಲ್ ಬಗ್ಗೆ ಹೇಳದೆ ಇರೋಕೆ ಆಗಲ್ಲ, ಹೇಳೋಕೂ ಮನಸ್ಸಿಲ್ಲ. ಜುಲೈ 23, ಲಾರ್ಡ್ಸ್. ಇಂಗ್ಲೆಂಡಿನ ಮೊದಲ ವಿಕೆಟ್ ತೆಗೆದವರು ರಾಜೇಶ್ವರಿ, ಲಾರೆನ್ ವಿನ್‌ಫೀಲ್ಡ್ ಬೌಲ್ಡ್. ಇಂಗ್ಲೆಂಡ್ 228. ಭಾರತ 3 ವಿಕೆಟ್‌ಗೆ 191ರಲ್ಲಿತ್ತು, ಅಲ್ಲಿಂದ 219ಕ್ಕೆ ಎಲ್ಲ ಮುಗಿಯಿತು. 9 ರನ್. ಅನ್ಯಾ ಶ್ರಬ್‌ಸೋಲ್ 6 ವಿಕೆಟ್ ತೆಗೆದರು, ಅದರಲ್ಲಿ ಕೊನೆಯದು ಹನ್ನೊಂದನೇ ಕ್ರಮಾಂಕದಲ್ಲಿ ಬಂದ ರಾಜೇಶ್ವರಿಯದು. ವಿಶ್ವಕಪ್ ಕೈತಪ್ಪಿದ ಆ ಕ್ಷಣದ ಫೋಟೋದಲ್ಲಿ ಇರೋದು ಅವರೇ. ಕೊನೆಯ ಬ್ಯಾಟರ್ ಆಗೋದರ ತೊಂದರೆ ಇದು, ಮೇಲಿನ ಆರು ಜನ ಕೆಡಿಸಿದ್ದರ ಕೊನೆಗೆ ನಮ್ಮ ಹೆಸರು ಬರುತ್ತದೆ. ಗ್ರೂಪ್ ಪ್ರಾಜೆಕ್ಟ್ ಮಾಡಿದವರಿಗೆ ಅರ್ಥವಾಗುತ್ತದೆ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇವೆ. 2020ರಲ್ಲಿ ಟಿ20 ವಿಶ್ವಕಪ್ ಫೈನಲ್ ಆಡಿದ ತಂಡದಲ್ಲಿದ್ದರು, ಮೆಲ್ಬರ್ನ್‌ನಲ್ಲಿ 86,174 ಜನರ ಎದುರು. 2021ರ ಮಾರ್ಚ್‌ನಲ್ಲಿ ಲಖನೌದಲ್ಲಿ ದಕ್ಷಿಣ ಆಫ್ರಿಕಾ ಮೇಲೆ ನಾಲ್ಕು ಓವರ್‌ನಲ್ಲಿ 9 ರನ್ ಕೊಟ್ಟು 3 ವಿಕೆಟ್, ಆ ತಿಂಗಳ ಐಸಿಸಿ ಆಟಗಾರ್ತಿ ಪ್ರಶಸ್ತಿಗೆ ನಾಮನಿರ್ದೇಶನ. 2022ರ ವಿಶ್ವಕಪ್‌ನಲ್ಲಿ ಪಾಕಿಸ್ತಾನದ ಮೇಲೆ 31ಕ್ಕೆ 4. ಅದೇ ವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿದ್ದರು. ಏಕದಿನದಲ್ಲಿ ಅವರ ಲೆಕ್ಕ 64 ಪಂದ್ಯ, 99 ವಿಕೆಟ್. ನೂರಕ್ಕೆ ಒಂದು ಕಡಿಮೆ.

ಟೆಸ್ಟ್ ಕಥೆ ಬೇರೆ ಥರ. 2014ರ ನವೆಂಬರ್‌ನಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಅವರ ಮೊದಲ ಟೆಸ್ಟ್. ಭಾರತ ಇನ್ನಿಂಗ್ಸ್ ಮತ್ತು 34 ರನ್‌ಗಳಿಂದ ಗೆದ್ದಿತು. ಭಾರತದ ಮಹಿಳೆಯರಿಗೆ ಮುಂದಿನ ಟೆಸ್ಟ್ ಯಾವಾಗ ಸಿಕ್ಕಿತು ಗೊತ್ತಾ? 2021ರ ಜೂನ್. ಸುಮಾರು ಆರೂವರೆ ವರ್ಷ. ಒಬ್ಬ ಸ್ಪಿನ್ನರ್‌ಗೆ ಅತ್ಯುತ್ತಮ ವಯಸ್ಸು 23ರಿಂದ 30 ಅಂದುಕೊಂಡರೆ, ರಾಜೇಶ್ವರಿಯ ಆ ವಯಸ್ಸಿನಲ್ಲಿ ಟೆಸ್ಟ್ ಪಂದ್ಯಗಳೇ ನಡೆಯಲಿಲ್ಲ. ಗೆದ್ದ ತಂಡಕ್ಕೆ ಸಿಕ್ಕ ಬಹುಮಾನ ಅದು. 2023ರ ಡಿಸೆಂಬರ್‌ನಲ್ಲಿ ನವಿ ಮುಂಬೈಯಲ್ಲಿ ಇಂಗ್ಲೆಂಡನ್ನು 347 ರನ್‌ಗಳಿಂದ ಸೋಲಿಸಿದ ಟೆಸ್ಟ್‌ನಲ್ಲಿ ಮತ್ತೆ ಆಡಿದರು. ಅದೇ ಪಂದ್ಯದಲ್ಲಿ ಮೈಸೂರಿನ ಶುಭಾ ಸತೀಶ್ ಪಾದಾರ್ಪಣೆ ಮಾಡಿ 69 ಹೊಡೆದರು.

ಇವರು ಒಬ್ಬರೇ ಬಂದವರೂ ಅಲ್ಲ. ಭಾರತದ ಮಹಿಳಾ ಕ್ರಿಕೆಟ್‌ನಲ್ಲಿ ಎಡಗೈ ಸ್ಪಿನ್ ಅಂದರೆ ಒಂದು ಮನೆತನದ ಹಾಗೆ. ಡಯಾನಾ ಎಡುಲ್ಜಿ, ಆಮೇಲೆ ನೀತು ಡೇವಿಡ್ (1995ರಲ್ಲಿ ಜಮ್‌ಶೆಡ್‌ಪುರದಲ್ಲಿ ಇಂಗ್ಲೆಂಡ್ ಮೇಲೆ ಒಂದೇ ಇನ್ನಿಂಗ್ಸ್‌ನಲ್ಲಿ 53ಕ್ಕೆ 8), ಆಮೇಲೆ ಬಿಷ್ಟ್, ರಾಜೇಶ್ವರಿ. ಕರ್ನಾಟಕದ ಕಡೆಯಿಂದ ನೋಡಿದರೆ ಶಾಂತಾ ರಂಗಸ್ವಾಮಿ, ಭಾರತ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ, 1976ರಲ್ಲಿ ಪಟನಾದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಗೆಲುವು ಅವರ ನಾಯಕತ್ವದಲ್ಲೇ. ಮಮತಾ ಮಾಬೆನ್ 2004ರಲ್ಲಿ ಶ್ರೀಲಂಕಾ ಮೇಲೆ 10 ರನ್‌ಗೆ 6 ವಿಕೆಟ್. ಈಗ ಶ್ರೇಯಾಂಕಾ ಪಾಟೀಲ್, 2024ರ ಡಬ್ಲ್ಯುಪಿಎಲ್ ಫೈನಲ್‌ನಲ್ಲಿ 12ಕ್ಕೆ 4, ಆರ್‌ಸಿಬಿ ಕಪ್ ಎತ್ತಿದ್ದು. ಈ ಸಲ ಕಪ್ ನಮ್ದೇ ಅಂತ ಹುಡುಗರು ಹದಿನಾರು ವರ್ಷ ಕೂಗಿದ್ದು ಒಂದು ಕಡೆ, ಹುಡುಗಿಯರು ಎರಡನೇ ವರ್ಷಕ್ಕೇ ತಂದುಬಿಟ್ಟಿದ್ದು ಇನ್ನೊಂದು ಕಡೆ.

2025ರ ನವೆಂಬರ್ 2ರಂದು ಭಾರತ ಕೊನೆಗೂ ಏಕದಿನ ವಿಶ್ವಕಪ್ ಗೆದ್ದಾಗ ತಂಡದ ಎಡಗೈ ಸ್ಪಿನ್ನರ್‌ಗಳಲ್ಲಿ ಒಬ್ಬರು ಶ್ರೀ ಚರಣಿ, ಆಂಧ್ರದ ಕಡಪ ಜಿಲ್ಲೆಯ ಹುಡುಗಿ. ಟೂರ್ನಿಯಲ್ಲಿ 14 ವಿಕೆಟ್. ರಾಜೇಶ್ವರಿ ಆಗ ತಂಡದಲ್ಲಿರಲಿಲ್ಲ. ಬಿಷ್ಟ್ ಕೂತಿದ್ದ ಸೀಟಿಗೆ ರಾಜೇಶ್ವರಿ ಬಂದಂತೆ, ರಾಜೇಶ್ವರಿಯ ಸೀಟಿಗೆ ಇನ್ನೊಬ್ಬರು. ಕಡಪದ ಹುಡುಗಿ, ವಿಜಯಪುರದ ಹುಡುಗಿ. ಬಯಲುಸೀಮೆಗೂ ಈ ಬೌಲಿಂಗಿಗೂ ಏನೋ ಇದೆ ಅಂತ ನಮ್ಮಲ್ಲಿ ಒಬ್ಬರ ವಾದ. ಎರಡು ಡೇಟಾ ಪಾಯಿಂಟ್ ಇಟ್ಟುಕೊಂಡು ಗ್ರಾಫ್ ಎಳೆಯಬೇಡಿ ಅಂತ ಉಳಿದವರ ವಾದ.

ಆದರೂ ಬಯಲುಸೀಮೆ ಅಂದಾಗ ನಮ್ಮ ಜಿಲ್ಲೆಯನ್ನೇ ನೋಡೋಣ. ಕಡಿಮೆ ಮಳೆ, ವರ್ಷದಲ್ಲಿ ಬಹುಪಾಲು ದಿನ ಆಡಬಹುದು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುವಷ್ಟು ಗಾಳಿ, ಡ್ರಿಫ್ಟ್ ಕಲಿಯೋಕೆ ಇದಕ್ಕಿಂತ ಲ್ಯಾಬ್ ಬೇಕಾ? ಗಾಳಿಗೆ ಎದುರಾಗಿ ಬೌಲ್ ಮಾಡಿದರೆ ಬಾಲಿಗೆ ಸಿಗುವ ಸಾಪೇಕ್ಷ ವೇಗ ಜಾಸ್ತಿ, ಮ್ಯಾಗ್ನಸ್ ಬಲವೂ ಜಾಸ್ತಿ, ಅದಕ್ಕೇ ಒಳ್ಳೆಯ ಕ್ಯಾಪ್ಟನ್ ಸ್ಪಿನ್ನರ್‌ಗೆ ಗಾಳಿಯ ಎದುರಿನ ತುದಿ ಕೊಡೋದು. ಮಣ್ಣಿನ ವಿಷಯಕ್ಕೆ ಬಂದರೆ ಹಿರಿಯೂರು ಕಡೆ ಕಪ್ಪು ಮಣ್ಣು, ಒಣಗಿದರೆ ಬಿರುಕು ಬಿಡುತ್ತದೆ, ಸಿವಿಲ್‌ನವರಿಗೆ ಫೌಂಡೇಶನ್ ತಲೆನೋವು, ಸ್ಪಿನ್ನರ್‌ಗೆ ಹಬ್ಬ. ಹೊಳಲ್ಕೆರೆ ಕಡೆ ಕೆಂಪು ಮಣ್ಣು. ಹೊಸದುರ್ಗದ ತೆಂಗಿನ ನಾರು ಮ್ಯಾಟ್ ಆಗುತ್ತದೆ, ಸಣ್ಣ ಊರುಗಳಲ್ಲಿ ಲೆದರ್ ಬಾಲ್ ಆಡೋದು ಮ್ಯಾಟ್ ಮೇಲೆಯೇ, ಮ್ಯಾಟ್ ಮೇಲೆ ಬಾಲ್ ಚೆನ್ನಾಗಿ ಹಿಡಿದು ತಿರುಗುತ್ತದೆ. ಸಾಮಾನು ಎಲ್ಲ ಇದೆ. ಜಿಲ್ಲಾ ಸ್ಟೇಡಿಯಂಗೆ ಒನಕೆ ಓಬವ್ವನ ಹೆಸರೂ ಇದೆ. ಸಂಜೆ ಅಲ್ಲಿ ಆಡುತ್ತಿರುವವರಲ್ಲಿ ಹುಡುಗಿಯರು ಎಷ್ಟು ಅಂತ ಒಂದು ದಿನ ಹೋಗಿ ಎಣಿಸಿ ನೋಡಿ.

ನಮ್ಮ ಕ್ಯಾಂಪಸ್‌ನಲ್ಲೂ ಕಷ್ಟ ಎಲ್ಲಿದೆ ಅಂತ ನಮಗೆ ಗೊತ್ತು. ಹೊಸದುರ್ಗದಿಂದ, ಹೊಳಲ್ಕೆರೆಯಿಂದ ದಿನಾ ಓಡಾಡುವ ಹುಡುಗಿಯರು ಕ್ಲಾಸ್ ಮುಗಿದ ಕೂಡಲೇ ಬಸ್ ಹಿಡಿಯಬೇಕು. ಹಾಸ್ಟೆಲ್‌ನವರಿಗೆ ಆರೂವರೆಗೆ ಗೇಟು. ಹುಡುಗರು ಮೈದಾನ ಬಿಟ್ಟುಕೊಡೋದು ಕತ್ತಲಾದ ಮೇಲೆ. ಇಂಟರ್ನಲ್ಸ್ ಬಂದರೆ ಪ್ರಾಕ್ಟೀಸ್ ನಿಲ್ಲುವುದು ಮೊದಲು ಹುಡುಗಿಯರದ್ದೇ. ಇದರಲ್ಲಿ ಯಾರೂ ಖಳನಾಯಕರಿಲ್ಲ, ಎಲ್ಲರೂ ಸ್ವಲ್ಪ ಸ್ವಲ್ಪ ಕಾರಣ. ಆಡುವ ಹುಡುಗಿಯರಲ್ಲಿ ಒಬ್ಬಳು ಎಡಗೈ ಬೌಲರ್ ಇದ್ದಾಳೆ, ಹೆಸರು ಹಾಕಬೇಡಿ ಅಂದಿದ್ದಾಳೆ, ಹಾಕಲ್ಲ. ಟೆನಿಸ್ ಬಾಲ್‌ನಲ್ಲಿ ಅವಳನ್ನು ಹೊಡೆಯೋಕೆ ನಮ್ಮ ಕ್ಲಾಸಿನ ಹುಡುಗರಿಗೂ ಆಗಿಲ್ಲ. 'ಪಿಯುಸಿಯಲ್ಲೇ ಕೇಳಿದ್ರೆ ಸೇರ್ತಿದ್ದೆ, ಈಗ ಹತ್ತೊಂಬತ್ತು, ಲೇಟಾಯ್ತು' ಅಂತಾಳೆ.

ಲೇಟಾಗಿದೆಯಾ? ದಾರಿ ಹೀಗಿದೆ. ಮಹಿಳೆಯರಿಗೆ ಬಿಸಿಸಿಐ ಅಂಡರ್-15, ಅಂಡರ್-19, ಅಂಡರ್-23 ಮತ್ತು ಸೀನಿಯರ್ ಟೂರ್ನಿಗಳನ್ನು ನಡೆಸುತ್ತದೆ. ಹತ್ತೊಂಬತ್ತಾದವರಿಗೆ ಮೊದಲೆರಡು ಬಾಗಿಲು ಮುಚ್ಚಿವೆ, ಇನ್ನೆರಡು ತೆರೆದಿವೆ. ಅಂಡರ್-23ಗೆ ಮೂರ್ನಾಲ್ಕು ಸೀಸನ್ ಬಾಕಿ ಇದೆ, ಸೀನಿಯರ್‌ಗೆ ವಯಸ್ಸಿನ ಮಿತಿಯೇ ಇಲ್ಲ. ರಾಜ್ಯ ತಂಡದ ಆಯ್ಕೆ ಕೆಎಸ್‌ಸಿಎಯದು, ಟ್ರಯಲ್ಸ್ ಪ್ರಕಟಣೆ ಅವರ ವೆಬ್‌ಸೈಟ್‌ನಲ್ಲಿ ಬರುತ್ತದೆ, ಆಧಾರ್ ಮತ್ತು ಜನನ ಪ್ರಮಾಣಪತ್ರ ಸರಿ ಇಟ್ಟುಕೊಳ್ಳಬೇಕು. ಇನ್ನೊಂದು ದಾರಿ ನಮ್ಮದೇ: ಕಾಲೇಜು ತಂಡದಿಂದ ಯೂನಿವರ್ಸಿಟಿ ತಂಡಕ್ಕೆ, ಅಲ್ಲಿಂದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ. ಕಾಲೇಜು ತಂಡವನ್ನೇ ಕಳಿಸದಿದ್ದರೆ ಈ ದಾರಿಯ ಮೊದಲ ಮೆಟ್ಟಿಲೇ ಇಲ್ಲ. ಹನ್ನೊಂದು ಹುಡುಗಿಯರ ಹೆಸರು ಬೇಕು, ಈಗ ಪಟ್ಟಿಯಲ್ಲಿ ಎಂಟು ಇದೆ.

ಟೆನಿಸ್ ಬಾಲ್ ಬಗ್ಗೆಯೂ ಒಂದು ಮಾತು. ಟೆನಿಸ್ ಬಾಲಿಗೆ ಬೆರಳು ಸಿಕ್ಕಿಸೋಕೆ ಹೊಲಿಗೆ ಇಲ್ಲ, ತೂಕ ಸುಮಾರು 58 ಗ್ರಾಂ. ಲೆದರ್ ಬಾಲ್ ಅದರ ಎರಡೂವರೆ ಪಟ್ಟು. ಟೆನಿಸ್ ಬಾಲ್‌ನಲ್ಲಿ ಲೈನ್, ತಲೆ ಓಡಿಸೋದು ಕಲಿಯಬಹುದು, ತಿರುವು ಕಲಿಯೋಕೆ ಆಗಲ್ಲ. ಅದರಲ್ಲೂ ಇನ್ನೊಂದು ತಪ್ಪು ಎಲ್ಲ ಕಡೆ ನಡೆಯುತ್ತದೆ: ಹುಡುಗರು ಆಡಿ ಸವೆಸಿದ ಬಾಲನ್ನು ಹುಡುಗಿಯರ ಪ್ರಾಕ್ಟೀಸ್‌ಗೆ ಕೊಡೋದು. ಪುರುಷರ ಬಾಲ್ ಸುಮಾರು 156ರಿಂದ 163 ಗ್ರಾಂ, ಸುತ್ತಳತೆ 22.4ರಿಂದ 22.9 ಸೆಂಟಿಮೀಟರ್. ಮಹಿಳೆಯರದ್ದು 140ರಿಂದ 151 ಗ್ರಾಂ, ಸುತ್ತಳತೆ 21ರಿಂದ 22.5. ಬೆರಳಿನಿಂದ ಬಾಲ್ ತಿರುಗಿಸುವವರಿಗೆ ಆ ಒಂದು ಸೆಂಟಿಮೀಟರ್ ಬಹಳ ದೊಡ್ಡದು. ದೊಡ್ಡ ಬಾಲ್‌ನಲ್ಲಿ ಆರು ತಿಂಗಳು ಕಲಿತು, ಟ್ರಯಲ್ಸ್ ದಿನ ಸಣ್ಣ ಬಾಲ್ ಕೈಗೆ ಬಂದರೆ ಲೆಂತ್ ಎಲ್ಲ ತಪ್ಪುತ್ತದೆ. ಈ ಸಲ ಸ್ಪೋರ್ಟ್ಸ್ ರೂಮಿನಿಂದ ಸಾಮಾನಿನ ಪಟ್ಟಿ ಹೋಗುವಾಗ ಒಂದು ಡಜನ್ ಬಾಲಿನ ಮುಂದೆ 142 ಗ್ರಾಂ ಅಂತ ಬರೆಸಿ. ಪಟ್ಟಿ ಹೋಗೋದು ತಿಂಗಳ ಕೊನೆಗೆ, ಎಂಟು ಹೆಸರಿಗೆ ಇನ್ನು ಮೂರು ಸೇರಿಸೋಕೂ ಅಲ್ಲಿವರೆಗೆ ಟೈಮ್ ಇದೆ.